ಜಾನ್ಸನ್ ಮುಚ್ಚಿಟ್ಟ ಲೆಕ್ಕ

ಪ್ರಶ್ನೆ: ಬಡವರ ಪರವಾಗಿ ಅಷ್ಟೊಂದು ಕಾನೂನು ತಂದ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ 1968ರಲ್ಲಿ ಕಣದಿಂದಲೇ ಹಿಂದೆ ಸರಿದದ್ದೇಕೆ? ವಿಯೆಟ್ನಾಂ ಯುದ್ಧದ ಖರ್ಚು ಕಾರಣವೇ?

ಉತ್ತರ: ಖರ್ಚೂ ಹೌದು. ಆದರೆ ಅದನ್ನು ಮುಚ್ಚಿಟ್ಟದ್ದೇ ಅವರಿಗೆ ಹೆಚ್ಚು ದುಬಾರಿಯಾಯಿತು ಎಂದು ನನಗನ್ನಿಸುತ್ತದೆ.

1965ರ ಜುಲೈ ಕೊನೆಯ ವಾರವನ್ನೇ ನೋಡಿ. 28ರಂದು ಪತ್ರಿಕಾಗೋಷ್ಠಿ ಕರೆದ ಜಾನ್ಸನ್, ವಿಯೆಟ್ನಾಂನಲ್ಲಿರುವ ಸೈನಿಕರನ್ನು 75 ಸಾವಿರದಿಂದ 1.25 ಲಕ್ಷಕ್ಕೆ ಏರಿಸುವುದಾಗಿ ಹೇಳಿದರು. ಮೀಸಲು ಪಡೆ ಕರೆಯಲಿಲ್ಲ, ಯುದ್ಧ ತೆರಿಗೆ ಕೇಳಲಿಲ್ಲ. ನೀತಿಯೇನೂ ಬದಲಾಗಿಲ್ಲ ಎಂದುಬಿಟ್ಟರು. ಎರಡೇ ದಿನಕ್ಕೆ ಮಿಸೌರಿಯ ಇಂಡಿಪೆಂಡೆನ್ಸ್ ಊರಿಗೆ ಹೋಗಿ, ಮಾಜಿ ಅಧ್ಯಕ್ಷ ಟ್ರೂಮನ್ ಸಮ್ಮುಖದಲ್ಲಿ, ವೃದ್ಧರ ಆಸ್ಪತ್ರೆ ವೆಚ್ಚಕ್ಕೆ ಆಸರೆಯಾಗುವ ಮೆಡಿಕೇರ್ ಕಾನೂನಿಗೆ ಸಹಿ ಹಾಕಿದರು. ಆಗಸ್ಟ್ 6ಕ್ಕೆ ಕಪ್ಪು ಜನರ ಮತದಾನದ ಹಕ್ಕಿನ ಕಾನೂನು. ಯುದ್ಧಕ್ಕೆಂದು ಬಾಯಿಬಿಟ್ಟು ಹಣ ಕೇಳಿದರೆ ಸಂಸತ್ತಿನ ಸಂಪ್ರದಾಯವಾದಿಗಳು ಅದನ್ನೇ ನೆಪ ಮಾಡಿಕೊಂಡು ಬಡವರ ಪರವಾದ ತಮ್ಮ ‘ಗ್ರೇಟ್ ಸೊಸೈಟಿ’ ಯೋಜನೆಗಳ ಕತ್ತು ಹಿಸುಕುತ್ತಾರೆ ಎಂಬ ಭಯ ಅವರಿಗೆ. ಆ ಭಯ ಸುಳ್ಳೂ ಆಗಿರಲಿಲ್ಲ.

ಆದರೆ ಯುದ್ಧ ಹಿಗ್ಗಿತು, ಬೆಲೆಗಳು ಏರಿದವು. ಕೊನೆಗೆ 1967ರಲ್ಲಿ ಆದಾಯ ತೆರಿಗೆಯ ಮೇಲೆ ಶೇ 10ರ ಸರ್‌ಚಾರ್ಜ್ ಕೇಳಲೇಬೇಕಾಯಿತು. ಸದನದ ತೆರಿಗೆ ಸಮಿತಿಯ ಅಧ್ಯಕ್ಷ ವಿಲ್ಬರ್ ಮಿಲ್ಸ್ ತಿಂಗಳುಗಟ್ಟಲೆ ಸತಾಯಿಸಿ, 600 ಕೋಟಿ ಡಾಲರ್ ಖರ್ಚು ಕಡಿತಕ್ಕೆ ಒಪ್ಪಿಸಿದ ಮೇಲೆಯೇ, 1968ರ ಜೂನ್‌ನಲ್ಲಿ ಅದು ಕಾನೂನಾಯಿತು. ಮೂರು ವರ್ಷ ತಪ್ಪಿಸಿಕೊಂಡಿದ್ದ ಕಡಿತ ಎದುರಿಗೇ ಬಂದು ನಿಂತಿತ್ತು.

ಅಷ್ಟರಲ್ಲಿ ಕುರ್ಚಿಯ ಆಸೆಯೂ ಮುಗಿದಿತ್ತು. ಕಪ್ಪು ಜನರ ನಾಯಕ ಮಾರ್ಟಿನ್ ಲೂಥರ್ ಕಿಂಗ್ 1967ರಲ್ಲೇ ಯುದ್ಧದ ವಿರುದ್ಧ ಬಹಿರಂಗವಾಗಿ ಮಾತಾಡಿದ್ದರು. 1968ರ ಜನವರಿಯಲ್ಲಿ ವಿಯೆಟ್ನಾಂ ಕಮ್ಯುನಿಸ್ಟರು ನಡೆಸಿದ ಟೆಟ್ ದಾಳಿ, ಗೆಲುವು ಹತ್ತಿರದಲ್ಲಿದೆ ಎಂಬ ಸರ್ಕಾರಿ ಮಾತಿನ ಬಣ್ಣ ಬಯಲು ಮಾಡಿತು. ಮಾರ್ಚ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಜಾನ್ಸನ್ ಅವರದೇ ಪಕ್ಷದ ಅಭ್ಯರ್ಥಿ ಆಯ್ಕೆಯ ಪ್ರಾಥಮಿಕ ಚುನಾವಣೆಯಲ್ಲಿ ಯುದ್ಧವಿರೋಧಿ ಯೂಜಿನ್ ಮೆಕಾರ್ಥಿ ಶೇ 42ರಷ್ಟು ಮತ ಪಡೆದರು. ತಿಂಗಳ ಕೊನೆಯ ದಿನ ಜಾನ್ಸನ್ ಟೀವಿಯಲ್ಲಿ ತಾವು ಮತ್ತೆ ಸ್ಪರ್ಧಿಸುವುದಿಲ್ಲ ಎಂದು ಸಾರಿದರು.

ಈ ಯುದ್ಧದ ಬಿಸಿ ನಮಗೂ ತಟ್ಟಿತ್ತು ಅನ್ನಿ. 1965-66ರ ಬರಗಾಲದಲ್ಲಿ ಅಮೆರಿಕದ ಆಹಾರ ನೆರವಿನ ಯೋಜನೆಯಾದ ಪಿಎಲ್-480ರ ಗೋಧಿಯನ್ನು ಜಾನ್ಸನ್ ತಡೆತಡೆದು ಬಿಡುತ್ತಿದ್ದರು. ನಮ್ಮ ಕೃಷಿ ನೀತಿ ಬದಲಾಗಲಿ ಎಂಬ ಒತ್ತಡ ಒಂದಾದರೆ, ವಿಯೆಟ್ನಾಂ ಬಾಂಬ್ ದಾಳಿಯನ್ನು ದೆಹಲಿ ಟೀಕಿಸಿದ ಸಿಟ್ಟು ಇನ್ನೊಂದು.

ಹಾಗೆಂದು ಜಾನ್ಸನ್ ತಂದ ಕಾನೂನುಗಳೆಲ್ಲವೂ ಕೊಚ್ಚಿಹೋಗಲಿಲ್ಲ. ಮೆಡಿಕೇರ್ ಇಂದಿಗೂ ಇದೆ. 1965ರಲ್ಲೇ ಅವರು ಸಹಿ ಹಾಕಿದ ವಲಸೆ ಕಾನೂನು ಏಷ್ಯಾದವರಿಗೆ ಬಾಗಿಲು ತೆರೆಯಿತು. ನಂತರದ ದಶಕಗಳಲ್ಲಿ ಅಮೆರಿಕ ಸೇರಿದ ಎಷ್ಟೋ ಕನ್ನಡಿಗ ವೈದ್ಯರು, ಎಂಜಿನಿಯರುಗಳು ಆ ಬಾಗಿಲಿನಿಂದಲೇ ಒಳಹೋದವರು.