ಮಧುಮೇಹವುಳ್ಳ ರೈತರಿಗೆ ಪಾದದ ಆರೈಕೆ

ಮಧುಮೇಹವನ್ನು ಪಟ್ಟಣದವರ ರೋಗವೆಂದು ತಿಳಿಯುವ ಕಾಲ ಹೋಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಈ ರೋಗವಿದೆ. ಆಡಕಿ, ಸೇಡಂ, ಚಿಂಚೋಳಿ ಕಡೆಯ ಹಳ್ಳಿಯವರು ದೊಡ್ಡ ಆಸ್ಪತ್ರೆಗೆಂದರೆ ಕಲಬುರಗಿಗೆ ಹೋಗಬೇಕು. ಆದುದರಿಂದ ಮನೆಯಲ್ಲಿಯೇ ವಹಿಸಬಹುದಾದ ಎಚ್ಚರಿಕೆಗಳನ್ನು ರೈತರು ತಿಳಿದಿರುವುದು ಅವಶ್ಯ. ಅವುಗಳಲ್ಲಿ ಮುಖ್ಯವಾದುದು ಪಾದದ ಆರೈಕೆ.

ಪಾದಕ್ಕೇ ಏಕೆ ಅಪಾಯ?

ರಕ್ತದಲ್ಲಿ ಸಕ್ಕರೆಯ ಅಂಶ ಬಹುಕಾಲ ಹೆಚ್ಚಾಗಿದ್ದರೆ ಪಾದದ ನರಗಳು ಕೆಟ್ಟು ಸ್ಪರ್ಶಜ್ಞಾನ ಕುಂದುತ್ತದೆ. ರಕ್ತಸಂಚಾರವೂ ಕಡಿಮೆಯಾಗಿ ಗಾಯ ಬೇಗ ಮಾಯುವುದಿಲ್ಲ. ತೊಗರಿ ಕೊಯ್ದ ಹೊಲದ ಚೂಪಾದ ಕೂಳೆ, ಜಾಲಿ ಮುಳ್ಳು, ಶಹಾಬಾದ ಸುತ್ತಿನ ಗಣಿಗಳ ಕಲ್ಲಿನ ಚಕ್ಕೆ, ಬಿಸಿಲಿಗೆ ಕಾದ ಪರ್ಸಿ ಕಲ್ಲು, ಇವು ತಾಗಿದರೂ ಅರಿವಾಗುವುದಿಲ್ಲ. ನೋವಿಲ್ಲವೆಂದು ಬಿಟ್ಟ ಗಾಯ ಕೀವುಗಟ್ಟಿ, ಕೊನೆಗೆ ಕಾಲನ್ನೇ ತೆಗೆಯಬೇಕಾದ ಪ್ರಸಂಗ ಬರಬಹುದು. ದುಡಿಯುವವನ ಕಾಲು ಹೋದರೆ ಮನೆಯ ಒಕ್ಕಲುತನವೇ ನಿಲ್ಲುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ತೊಗರಿಯಲ್ಲಿ ಕಾಯಿಕೊರಕವನ್ನು ಹುಡುಕುವಂತೆ, ದಿನವೂ ಸಂಜೆ ಅಂಗಾಲು ಹಾಗೂ ಬೆರಳ ಸಂದುಗಳನ್ನು ಪರೀಕ್ಷಿಸಿರಿ. ಬಗ್ಗಲಾಗದವರು ಕನ್ನಡಿ ಬಳಸಬೇಕು, ಇಲ್ಲವೆ ಮನೆಯವರಿಂದ ನೋಡಿಸಿಕೊಳ್ಳಬೇಕು.

2. ಪಾದ ತೊಳೆದು, ಬೆರಳ ಸಂದುಗಳಲ್ಲಿ ತೇವವಿರದಂತೆ ಒರೆಸಿರಿ. ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಸವರಬಹುದು. ಬೆರಳ ಸಂದುಗಳಿಗೆ ಬೇಡ.

3. ಹೊಲಕ್ಕೆ ಬರಿಗಾಲಿನಲ್ಲಿ ಹೋಗಬಾರದು. ಬೆರಳು ಮುಚ್ಚುವ, ಬಿಗಿಯಾಗದ ಪಾದರಕ್ಷೆ ಒಳ್ಳೆಯದು. ಮೆಟ್ಟುವ ಮೊದಲು ಒಳಗೆ ಹರಳು, ಮುಳ್ಳು ಇವೆಯೇ ಎಂದು ಝಾಡಿಸಿ ನೋಡಿರಿ.

4. ಉಗುರನ್ನು ನೇರವಾಗಿ ಕತ್ತರಿಸಿರಿ. ಆಣಿಯನ್ನು ಬ್ಲೇಡಿನಿಂದ ಕೆತ್ತಬಾರದು. ಜೋಮು ಹಿಡಿದ ಪಾದಕ್ಕೆ ಕಾವು ಕೊಡಬಾರದು.

5. ಗಾಯವನ್ನು ಶುದ್ಧ ನೀರಿನಲ್ಲಿ ತೊಳೆದು, ಶುಚಿಯಾದ ಬಟ್ಟೆ ಕಟ್ಟಿ ಆರೋಗ್ಯ ಕೇಂದ್ರಕ್ಕೆ ತೋರಿಸಿರಿ. ಬಾವು, ಕೀವು, ದುರ್ವಾಸನೆ, ಕಪ್ಪು ಬಣ್ಣ ಅಥವಾ ಜ್ವರವಿದ್ದರೆ ಅದೇ ದಿನ ವೈದ್ಯರನ್ನು ಕಾಣಬೇಕು.

ಆಹಾರ ಮತ್ತು ಔಷಧಿ

ಜೋಳದ ರೊಟ್ಟಿ ತಿಂದರೆ ಸಕ್ಕರೆ ಏರದೆಂಬ ನಂಬಿಕೆ ಸರಿಯಲ್ಲ. ಜೋಳದಲ್ಲಿ ನಾರಿನಂಶವಿದ್ದರೂ ಸುಮಾರು ಮೂರನೆಯ ಎರಡು ಭಾಗ ಪಿಷ್ಟವೇ. ರೊಟ್ಟಿಯನ್ನು ಮಿತಗೊಳಿಸಿ, ಪುಂಡಿಪಲ್ಯ ಹಾಗೂ ತೊಗರಿ ಬೇಳೆಯನ್ನು ಹೆಚ್ಚಿಸಿರಿ. ಆರಾಮವೆನಿಸಿತೆಂದು ಗುಳಿಗೆ ನಿಲ್ಲಿಸಬಾರದು. ಔಷಧಿ ಪಡೆಯುವವರು ಉಪವಾಸವಿದ್ದು ಹೊಲದ ಕೆಲಸ ಮಾಡಬಾರದು. ನಡುಕ, ಬೆವರು ಕಂಡಕೂಡಲೆ ಮೂರು ಚಮಚೆ ಸಕ್ಕರೆ ತಿನ್ನಬೇಕು.

ಬೆಳಿಗ್ಗೆ ಬರಿಹೊಟ್ಟೆಯಲ್ಲಿ ರಕ್ತದ ಸಕ್ಕರೆ 126 ಮಿಲಿಗ್ರಾಂ ಅಥವಾ ಹೆಚ್ಚಿದ್ದು, ಮರುಪರೀಕ್ಷೆಯಲ್ಲಿಯೂ ಹಾಗೆಯೇ ಬಂದರೆ ಮಧುಮೇಹವೆಂದು ತಿಳಿಯಬೇಕು. 30 ವರ್ಷ ದಾಟಿದವರೆಲ್ಲರೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಈ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ವಿಸ್ತರಣಾ ಕಾರ್ಯಕರ್ತರು ತೊಗರಿ ಕ್ಷೇತ್ರೋತ್ಸವಗಳಲ್ಲಿ ಬೆಳೆಯ ಜೊತೆಗೆ ಬೆಳೆಗಾರನ ಪಾದದ ವಿಷಯವನ್ನೂ ತಿಳಿಸಿದರೆ ಅನೇಕರ ಕಾಲು ಉಳಿದೀತು.