ಹಂದಿಗೋಡಿನ ನೋವು, ಹಳದಿ ಇಲಿಯ ಲೆಕ್ಕ

1970ರ ದಶಕದ ನಡುವಿನಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಿಂದ ಒಂದು ಸುದ್ದಿ ಹೊರಬಿತ್ತು. ಅಲ್ಲಿನ ಬಡ ಕೂಲಿ ಕುಟುಂಬಗಳಲ್ಲಿ ಸೊಂಟ, ಮೊಣಕಾಲು ಹಿಡಿದು ಜನ ನಡೆಯಲಾರದಂತಾಗಿದ್ದರು. ಕೀಟನಾಶಕ ಬೆರೆತ ಗದ್ದೆಯ ಏಡಿ ತಿಂದದ್ದೇ ಕಾರಣವೆಂಬ ಗುಮಾನಿ ಮೊದಲು ಹಬ್ಬಿತು. ಮುಂದಿನ ಅಧ್ಯಯನಗಳು ಬೊಟ್ಟು ಮಾಡಿದ್ದು ರಕ್ತಸಂಬಂಧದತ್ತ: ಇದು ಪ್ರಬಲ ವಂಶವಾಹಿಯ ಮೂಳೆರೋಗ. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಬರುವ ಸಂಭವ ಶೇ. 50. ಚಿಕ್ಕಮಗಳೂರು ಜಿಲ್ಲೆಯ ಕೆಲವೆಡೆಯೂ ಇದು ಕಂಡುಬಂದಿದೆ.

ಪರೀಕ್ಷಾರ್ಥಿಗಳು ಎಡವುವ ಜಾಗ ಇದರ ಪಕ್ಕದಲ್ಲೇ ಇದೆ: ಒಂದು ಪ್ರತಿಯಿಂದಲೇ ಗುಣ ತೋರುವುದು ಬೇರೆ, ಎರಡು ಪ್ರತಿಯಾದಾಗ ಜೀವ ಹೋಗುವುದು ಬೇರೆ.

ಯಾವುದು ಕೆಟ್ಟರೆ ಜೀವವೇ ಉಳಿಯದೋ ಅದು ಅತ್ಯಗತ್ಯ ವಂಶವಾಹಿ. 1905ರಲ್ಲಿ ಫ್ರಾನ್ಸಿನ ಲೂಸಿಯಾಂ ಕ್ಯೂನೊ ಹಳದಿ ಇಲಿಗಳನ್ನು ಪರಸ್ಪರ ಕೂಡಿಸಿದಾಗ ಮರಿಗಳು 3:1ರ ಬದಲು 2:1ರಲ್ಲಿ ಬಂದವು. ಎರಡೂ ಪ್ರತಿ ಹಳದಿಯಾದ ಭ್ರೂಣಗಳು ಗರ್ಭದಲ್ಲೇ ಸಾಯುತ್ತಿದ್ದವು. ಮನುಷ್ಯರಲ್ಲಿ ಕುಬ್ಜತೆಗೆ ಕಾರಣವಾಗುವ ಅಕಾಂಡ್ರೋಪ್ಲೇಸಿಯಾ ಇದೇ ಲೆಕ್ಕದ್ದು: ಎಫ್‌ಜಿಎಫ್‌ಆರ್-3 ವಂಶವಾಹಿಯ ಒಂದು ದೋಷಪ್ರತಿ ಮೂಳೆಯ ಬೆಳವಣಿಗೆ ತಡೆಯುತ್ತದೆ, ಎರಡಿದ್ದರೆ ಕೂಸು ಬದುಕುವುದಿಲ್ಲ. ಆಲ್ಫಾ ಗ್ಲೋಬಿನ್‌ ವಂಶವಾಹಿಯದು ಬೇರೆ ಬಗೆ. ಅದರ ನಾಲ್ಕೂ ಪ್ರತಿ ಇಲ್ಲವಾದರೆ ಭ್ರೂಣ ಸಾಮಾನ್ಯವಾಗಿ ಉಳಿಯದು. ಮೂರು ಹೋದರೆ ರಕ್ತಹೀನತೆ.

ಅತ್ಯಗತ್ಯ ವಂಶವಾಹಿಗಳ ಬಗ್ಗೆ ನೆನಪಿಡಬೇಕಾದ ಇನ್ನೊಂದು ಅಂಕಿ: 2016ರಲ್ಲಿ ವಿಜ್ಞಾನಿ ಕ್ರೇಗ್ ವೆಂಟರ್ ತಂಡ ಕೇವಲ 473 ವಂಶವಾಹಿಗಳ ಜೀವಕೋಶ ಕಟ್ಟಿತು. ಆಗ ಅವುಗಳಲ್ಲಿ 149ರ ಕೆಲಸವೇನೆಂದು ಕಟ್ಟಿದವರಿಗೇ ಗೊತ್ತಿರಲಿಲ್ಲ.