ಮಂಡ್ಯದ ಲಿಥಿಯಂ ಹರಳು ಮತ್ತು ಎಲೆಕ್ಟ್ರಾನ್ ಸಾಂದ್ರತೆಯ ಲೆಕ್ಕ

ಗುತ್ತಲು, ಮದ್ದೂರು, ಮಳವಳ್ಳಿಯ ಪರೀಕ್ಷಾ ಅಭ್ಯರ್ಥಿಗಳು ತಮ್ಮ ಜಿಲ್ಲೆಯಿಂದಲೇ ಓದಲು ಶುರುಮಾಡಬಹುದಾದ ವಿಷಯವಿದು. ಮಂಡ್ಯ ಜಿಲ್ಲೆಯ ಮರಳಗಾಲ ಪ್ರದೇಶದಲ್ಲಿ 1,600 ಟನ್ ಲಿಥಿಯಂ ಸಂಪನ್ಮೂಲವನ್ನು ಪರಮಾಣು ಖನಿಜ ನಿರ್ದೇಶನಾಲಯ ಅಂದಾಜಿಸಿದೆ. ಇಲ್ಲಿನ ಪೆಗ್ಮಟೈಟ್ ಶಿಲೆಯ ಮುಖ್ಯ ಲಿಥಿಯಂ ಖನಿಜ ಸ್ಪಾಡ್ಯುಮಿನ್.

ಸ್ಪಾಡ್ಯುಮಿನ್‌ನ ಒಂದು ಸೂತ್ರ ಘಟಕದಲ್ಲಿ ಲಿಥಿಯಂ 1, ಅಲ್ಯೂಮಿನಿಯಂ 1, ಸಿಲಿಕಾನ್ 2, ಆಮ್ಲಜನಕ 6 ಪರಮಾಣುಗಳು; ಒಟ್ಟು 92 ಎಲೆಕ್ಟ್ರಾನ್‌ಗಳು. ಶ್ರೋಡಿಂಗರ್ ಸಮೀಕರಣವನ್ನು ನೇರವಾಗಿ ಬಿಡಿಸಹೊರಟರೆ, ಎಲೆಕ್ಟ್ರಾನ್‌ಗೆ ಮೂರರಂತೆ, 276 ನಿರ್ದೇಶಾಂಕಗಳು ಬೇಕು. ಎಲೆಕ್ಟ್ರಾನ್ ಸಾಂದ್ರತೆಗೆ ಮೂರೇ ಸಾಕು! ಸಾಂದ್ರತಾ ಫಲನ ಸಿದ್ಧಾಂತದ (ಡಿಎಫ್‌ಟಿ) ಜೀವಾಳ ಇದೇ. ಹೋಹೆನ್‌ಬರ್ಗ್–ಕೋನ್ ಪ್ರಮೇಯ 1964ರದು, ಕೋನ್–ಶಾಮ್ ಸಮೀಕರಣಗಳು 1965ರವು. ವಾಲ್ಟರ್ ಕೋನ್ ಅವರಿಗೆ ಜಾನ್ ಪೋಪಲ್ ಜೊತೆ 1998ರ ನೊಬೆಲ್ ಬಂದದ್ದು ಭೌತವಿಜ್ಞಾನಕ್ಕಲ್ಲ, ರಸಾಯನವಿಜ್ಞಾನಕ್ಕೆ. ಪರೀಕ್ಷೆಯಲ್ಲಿ ಎಡವುವುದು ಇಲ್ಲೇ.

ಹರಳಿನಲ್ಲಿ ಸಿಲಿಕಾನ್–ಆಮ್ಲಜನಕ ಬಂಧಕ್ಕೆ ಸಹವೇಲೆನ್ಸೀಯ ಗುಣ ಹೆಚ್ಚು, ಲಿಥಿಯಂ–ಆಮ್ಲಜನಕ ಬಂಧ ಬಹುಪಾಲು ಅಯಾನಿಕ. ಆದರೂ ಸ್ಪಾಡ್ಯುಮಿನ್‌ನ ಬಿಗಿಯಾದ ಆಲ್ಫಾ ರೂಪದಿಂದ ಲಿಥಿಯಂ ಸುಲಭಕ್ಕೆ ಹೊರಬರದು. ಸುಮಾರು 1,000 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯಿಸಿದರೆ ಸಡಿಲವಾದ ಬೀಟಾ ರೂಪ ಬರುತ್ತದೆ, ಆಗ ಆಮ್ಲದಿಂದ ಬೇರ್ಪಡಿಸಬಹುದು.

ಇಂಥ ಹರಳುಗಳ ಲೆಕ್ಕದಲ್ಲಿ ಸರಳ ಡಿಎಫ್‌ಟಿ ಅಂದಾಜುಗಳು ಬ್ಯಾಂಡ್ ಅಂತರವನ್ನು (ಎಲೆಕ್ಟ್ರಾನ್ ಶಕ್ತಿಪಟ್ಟಿಗಳ ನಡುವಿನ ಅಂತರ) ಸಾಮಾನ್ಯವಾಗಿ ಕಡಿಮೆ ತೋರಿಸುತ್ತವೆ. ಇದನ್ನು ತಪ್ಪದೆ ನೆನಪಿಡಿ.

ರಾಜ್ಯದಲ್ಲಿ ಡಿಎಫ್‌ಟಿ ಅಧ್ಯಯನದ ಒಂದು ಪ್ರಮುಖ ನೆಲೆ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ (ಸ್ಥಾಪನೆ 1989). ಅಲ್ಲಿನ ಉಮೇಶ್ ವಾಘ್ಮಾರೆ 2015ರ ಇನ್ಫೋಸಿಸ್ ಪ್ರಶಸ್ತಿ ಪುರಸ್ಕೃತರು. ಇಂಥ ಲೆಕ್ಕಗಳಿಗೆ ನೆರವಾಗಬಲ್ಲ, ಭಾರತೀಯ ವಿಜ್ಞಾನ ಸಂಸ್ಥೆಯ ‘ಪರಮ್ ಪ್ರವೇಗ’ ಸೂಪರ್‌ಕಂಪ್ಯೂಟರ್‌ನ (2022) ಸಾಮರ್ಥ್ಯ 3.3 ಪೆಟಾಫ್ಲಾಪ್.